ಮತಪ್ರಚಾರವೂ ಕೂಲಿಕಾರನ ಅನ್ನವೂ

ಮತಾಂತರವೆಂಬ ಮಾತು ಇತ್ತಿತ್ತಲಾಗಿ ವಿಧಾನಸಭೆಯನ್ನೂ ವೃತ್ತಪತ್ರಿಕೆಗಳನ್ನೂ ದಾಟಿ ನಮ್ಮ ಹೋಟೇಲುಗಳ ಅಡಿಗೆಮನೆಯೊಳಕ್ಕೆ ಬಂದು ಕುಳಿತಿದೆ. ಮೋರಿಯ ಬಳಿ ಬಸಿ ತೊಳೆಯುವ ಹುಡುಗನಿಂದ ಹಿಡಿದು ಗಲ್ಲಾದ ಮೇಲೆ ಕುಳಿತ ಧಣಿಯವರೆಗೆ ಎಲ್ಲರಿಗೂ ಈ ವಿಷಯದಲ್ಲಿ ಒಂದೊಂದು ಅಭಿಪ್ರಾಯವುಂಟು. ಅಭಿಪ್ರಾಯವಿರುವುದು ತಪ್ಪಲ್ಲ. ಆದರೆ ಅಭಿಪ್ರಾಯದ ಬೆನ್ನಿಗೇ ಒಬ್ಬನ ಹಾಸಿಗೆಯನ್ನು ಖೋಲಿಯಿಂದ ಹೊರಗೆಸೆಯುವುದು, ಇನ್ನೊಬ್ಬನನ್ನು ಪಾಳಿಯಿಂದ ತೆಗೆಸುವುದು ಶುರುವಾದರೆ ಅದು ಸಂಘದ ವಿಷಯವಾಗುತ್ತದೆ. ಆದುದರಿಂದ ಈ ಸಲ ಕೂಲಿ, ರಜೆ, ಬೋನಸ್ಸುಗಳ ಮಾತನ್ನು ಬದಿಗಿಟ್ಟು ಇದನ್ನು ಬರೆಯಬೇಕಾಗಿ ಬಂದಿದೆ.

ಆಂಟಾಪ್ ಹಿಲ್ಲಿನಿಂದ ನಮಗೆ ಎರಡು ದೂರು ಬಂದಿವೆ. ಮೊದಲನೆಯದು ಒಂಭತ್ತು ಮಂದಿ ಹೋಟೇಲು ಕೆಲಸಗಾರರು ಬಾಡಿಗೆ ಹಂಚಿಕೊಂಡು ಇರುವ ಒಂದು ಖೋಲಿಯದು. ಅವರಲ್ಲೊಬ್ಬ ಆರು ತಿಂಗಳಿಂದ ಆದಿತ್ಯವಾರ ಕ್ರೈಸ್ತರ ಪ್ರಾರ್ಥನಾ ಕೂಟಕ್ಕೆ ಹೋಗತೊಡಗಿದ್ದಾನೆ. ಉಳಿದವರು ಅವನಿಗೆ ಹೇಳಿದ್ದು ಇಷ್ಟು: ನೀನು ಹಂಡೆಯ ನೀರು ಮುಟ್ಟಬೇಡ, ತಿಂಗಳೊಳಗೆ ಖೋಲಿ ಬಿಡು. ಎರಡನೆಯದು ಕಾಮಾಲೆಯಾಗಿ ಆಸ್ಪತ್ರೆಯಲ್ಲಿ ಮಲಗಿದ್ದ ಹತ್ತೊಂಭತ್ತು ವರ್ಷದ ಹುಡುಗನ ಅಣ್ಣ ಬರೆದದ್ದು. ಯಾರೋ ಒಬ್ಬ ಪ್ರಚಾರಕ ಮೂರು ದಿನ ಬಿಡದೆ ಮಂಚದ ಬಳಿಗೆ ಬಂದು, ಊರಿನ ದೈವಗಳನ್ನು ನಂಬಿದ್ದಕ್ಕೇ ನಿನಗೆ ಈ ರೋಗ, ಕೈಯ ದಾರ ಕಿತ್ತು ಬಿಸಾಡು, ವಾಸಿಯಾಗುತ್ತದೆ, ಆಮೇಲೆ ಒಳ್ಳೆಯ ಕೆಲಸವೂ ಇರಲಿಕ್ಕೆ ಜಾಗವೂ ಸಿಗುತ್ತದೆ ಎಂದನಂತೆ. ಆ ಅಣ್ಣ ಕೇಳಿದ ಪ್ರಶ್ನೆ ನಮಗೆ ನಾಟಿತು. ಎದ್ದು ಹೋಗುವ ತ್ರಾಣವೇ ಇಲ್ಲದವನ ಕಿವಿಯಲ್ಲಿ ಹೇಳಿದರೆ ಅದು ಯಾವ ಸೀಮೆಯ ಧರ್ಮಪ್ರಚಾರ, ಎಂದು.

ಮೇಲುನೋಟಕ್ಕೆ ಇವು ಎದುರುಬದುರು ದೂರುಗಳು. ಒಂದರಲ್ಲಿ ಮತ ಬದಲಿಸಹೊರಟವನಿಗೆ ಪೆಟ್ಟು, ಇನ್ನೊಂದರಲ್ಲಿ ಮತ ಬದಲಿಸಲು ಮನಸ್ಸಿಲ್ಲದವನಿಗೆ ಕಾಟ. ನಮ್ಮ ಮಟ್ಟಿಗೆ ಎರಡೂ ಒಂದೇ. ಎರಡರಲ್ಲೂ ಕೈಸಾಗುವವನು ಕೈಸಾಗದವನ ಮನಸ್ಸಿನ ಮೇಲೆ ಕೈಯಿಟ್ಟಿದ್ದಾನೆ.

ಇಂಥ ಜಗಳಕ್ಕೆ ಆಂಟಾಪ್ ಹಿಲ್ಲಿಗಿಂತ ಹೊಂದದ ಸ್ಥಳ ಇನ್ನೊಂದಿರಲಾರದು. ಇಲ್ಲಿ ಶೇಖ್ ಮಿಸ್ರಿಯವರ ದರ್ಗಾ ಇದೆ. ಮಿಸ್ರಿ ಎಂದರೆ ಈಜಿಪ್ತಿನವರು. ಅಲ್ಲಿಗೆ ಹರಕೆ ಹೊತ್ತು ಹೋಗುವವರು ಮುಸಲ್ಮಾನರು ಮಾತ್ರವಲ್ಲ. ಪಕ್ಕದ ವಡಾಲದ ವಿಠ್ಠಲ ಮಂದಿರದಲ್ಲಿ ಆಷಾಢ ಏಕಾದಶಿಯ ದಿನ ಪಂಢರಪುರಕ್ಕೆ ಹೋಗಲಾಗದ ಕೂಲಿಕಾರರ ಸಾಲು. ಆ ವಿಠ್ಠಲನನ್ನು ಮರಾಠಿ ಸಂತರೇ ಕಾನಡಾ ಎಂದು, ಅಂದರೆ ಕನ್ನಡದವನೆಂದು, ಕರೆದರು. ವಡಾಲದಲ್ಲೇ ನಮ್ಮ ಕರಾವಳಿಯ ಕೊಂಕಣಿಗರ ರಾಮಮಂದಿರವುಂಟು. ಆಚೆ ಬದಿಗೆ ಸಾಯನ್ ಕೋಳಿವಾಡಾ. ೧೯೪೭ರ ದೇಶವಿಭಜನೆಯಲ್ಲಿ ಮನೆಮಠ ಕಳಕೊಂಡವರು ಬಂದು ನೆಲೆಸಿದ ಜಾಗ. ಅಲ್ಲಿನ ರೈಲು ಸ್ಟೇಶನಿಗೆ ಈಗ ಗುರು ತೇಗ್ ಬಹಾದೂರರ ಹೆಸರು. ದಿನಾಲೂ ಆ ಸ್ಟೇಶನಿನಲ್ಲಿ ಹತ್ತಿ ಇಳಿಯುವ ನಮ್ಮವರಲ್ಲಿ ಎಷ್ಟು ಜನಕ್ಕೆ ಆ ಹೆಸರಿನ ಹಿಂದಿನ ಕಥೆ ಗೊತ್ತು? ೧೬೭೫ರಲ್ಲಿ ಔರಂಗಜೇಬನ ಆಳಿಕೆಯಲ್ಲಿ ದಿಲ್ಲಿಯಲ್ಲಿ ಅವರ ತಲೆ ಕಡಿಸಲಾಯಿತು. ಕಾಶ್ಮೀರದ ಬ್ರಾಹ್ಮಣರನ್ನು ಬಲವಂತದಿಂದ ಮತಾಂತರಿಸುವುದರ ವಿರುದ್ಧ ನಿಂತುದಕ್ಕೆ ಎಂದು ಸಿಖ್ಖರ ಪರಂಪರೆ ಹೇಳುತ್ತದೆ. ಜನಿವಾರ ಅವರ ಮತದ್ದಲ್ಲ. ಆದರೂ ಅದನ್ನು ಹಾಕುವವನ ಪರವಾಗಿ ಪ್ರಾಣ ಕೊಟ್ಟರು.

ಈಗ ವಿಷಯಕ್ಕೆ ಬರೋಣ. ಕನ್ನಡದಲ್ಲಿ ಆಗುವುದು ಬೇರೆ, ಮಾಡಿಸುವುದು ಬೇರೆ. ಮತಾಂತರವಾಗುವವನೊಬ್ಬ, ಮತಾಂತರ ಮಾಡಿಸುವವನೊಬ್ಬ. ಇಬ್ಬರ ಹಕ್ಕನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ತೂಗುವುದರಿಂದಲೇ ಅರ್ಧ ಜಗಳ ಹುಟ್ಟುತ್ತದೆ. ಆಗುವವನ ಹಕ್ಕು ಪೂರ್ತಿಯಾದದ್ದು. ಅವನ ಮನಸ್ಸು, ಅವನ ದೇವರು, ಅದರಲ್ಲಿ ಹೆತ್ತವರಿಗೂ ಖೋಲಿಯವರಿಗೂ ಸರಕಾರಕ್ಕೂ ಪಾಲಿಲ್ಲ. ಮಾಡಿಸುವವನ ಹಕ್ಕು ಹೇಳುವಷ್ಟಕ್ಕೆ. ನಮ್ಮ ಸಂವಿಧಾನದ ೨೫ನೆಯ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನೂ, ಮತವನ್ನು ನಂಬುವ, ನಡೆಸುವ, ಪ್ರಚಾರ ಮಾಡುವ ಹಕ್ಕನ್ನೂ ಕೊಟ್ಟಿದೆ. ಆ ಪ್ರಚಾರ ಎಂಬ ಮಾತು ಇರಬೇಕೋ ಬೇಡವೋ ಎಂದು ೧೯೪೮ರ ಡಿಸೆಂಬರದಲ್ಲಿ ಸಂವಿಧಾನ ಸಭೆಯಲ್ಲಿ ಬಿಸಿಬಿಸಿ ಚರ್ಚೆಯಾಗಿ, ಕೊನೆಗೆ ಇರಲಿ ಎಂದೇ ತೀರ್ಮಾನವಾಯಿತು. ಮುಂದೆ ೧೯೭೭ರಲ್ಲಿ ಸ್ಟೆನಿಸ್ಲಾಸ್ ಎಂಬ ಪಾದ್ರಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ತನ್ನ ಮತದ ತತ್ವವನ್ನು ತಿಳಿಸುವ ಹಕ್ಕುಂಟು, ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಅದರಲ್ಲಿ ಅಡಗಿಲ್ಲ ಎಂದಿತು. ಈ ತೀರ್ಪನ್ನು ಒಪ್ಪದ ವಕೀಲರೂ ಇದ್ದಾರೆ. ಹೇಳುವುದು ಎಲ್ಲಿ ಮುಗಿಯಿತು, ಮಾಡಿಸುವುದು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಕೋರ್ಟಿಗೂ ಸುಲಭವಲ್ಲ.

ನಮಗೆ ನಮ್ಮ ಕಸುಬಿನಿಂದಲೇ ಅದು ತಿಳಿದಿದೆ. ಎಲೆಯ ಮುಂದೆ ನಿಂತು ಅನ್ನ ಬೇಕೇ, ಸಾರು ಬೇಕೇ ಎಂದು ಕೇಳುವುದು ಬಡಿಸುವವನ ಕೆಲಸ. ಇವತ್ತಿನ ಪಾಯಸ ಚೆನ್ನಾಗಿದೆ, ಸ್ವಲ್ಪ ಹಾಕಲೇ ಎಂದು ಎರಡನೆಯ ಸಲ ಕೇಳಿದರೂ ಅಡ್ಡಿಯಿಲ್ಲ. ಉಣ್ಣುವವನು ಎಲೆಗೆ ಕೈ ಅಡ್ಡ ಹಿಡಿದನೆಂದರೆ ಸೌಟು ಹಿಂದಕ್ಕೆ ಬರಬೇಕು. ಕೈ ಅಡ್ಡ ಹಿಡಿಯಲಾರದವನ ಎಲೆಗೆ ಸುರಿಯುವವನನ್ನು ಯಾವ ಪಂಕ್ತಿಯಲ್ಲೂ ಬಡಿಸುವವನೆಂದು ಕರೆಯುವುದಿಲ್ಲ. ರೋಗಿ, ಸಾಲಗಾರ, ಕೆಲಸವಿಲ್ಲದೆ ಅಲೆಯುವ ಹುಡುಗ, ತಂದೆತಾಯಿ ಬಳಿಯಿಲ್ಲದ ಮಗು, ಇವರೆಲ್ಲ ಕೈ ಅಡ್ಡ ಹಿಡಿಯಲಾರದವರು. ಅವರಿಗೆ ಔಷಧ ಕೊಡಿ, ಗಂಜಿ ಕೊಡಿ, ಕೆಲಸ ಕೊಡಿಸಿ. ದೇವರ ಮಾತನ್ನು ಅವರು ಎದ್ದು ನಿಂತ ಮೇಲೆ, ಬೇಕಿದ್ದರೆ ಬೇಡವೆನ್ನುವ ಶಕ್ತಿ ಬಂದ ಮೇಲೆ ಹೇಳಬಹುದು. ಆಸ್ಪತ್ರೆಯ ಮಂಚದ ಬಳಿ ನಿಂತು ರೋಗಕ್ಕೂ ದೈವಕ್ಕೂ ಗಂಟು ಹಾಕಿದ ಆ ಪ್ರಚಾರಕ ಮಾಡಿದ್ದು ತಪ್ಪು, ಅದನ್ನು ಆತನ ಕಡೆಯವರಿಗೇ ತಿಳಿಸಿದ್ದೇವೆ. ಹಾಗೆಂದು ಆ ಹುಡುಗ ನಾಳೆ ಆರೋಗ್ಯವಾಗಿ, ತಾನಾಗಿ ಪ್ರಾರ್ಥನೆಗೆ ಹೋಗುತ್ತೇನೆಂದರೆ ಅಣ್ಣನಾದವನು ತಡೆಯುವಂತಿಲ್ಲ. ಆ ಮಾತನ್ನು ಅಣ್ಣನ ಮುಖಕ್ಕೇ ಹೇಳಿದ್ದೇವೆ. ಅವರಿಗೆ ಅದು ಅಷ್ಟು ಹಿಡಿಸಲಿಲ್ಲ.

ಇನ್ನು, ಮತ ಬದಲಿಸುವವರೆಲ್ಲ ಹಣಕ್ಕೆ ಬಾಯಿಬಿಟ್ಟವರು, ಮೋಸಹೋದವರು ಎಂದು ಹೇಳುವ ಚಟ ನಮ್ಮ ಜನಕ್ಕುಂಟು. ಹೀಗೆ ಹೇಳುವವರು ಒಮ್ಮೆ ಆಂಟಾಪ್ ಹಿಲ್ಲಿನಿಂದ ನಾಯಗಾಂವಿನವರೆಗೆ ನಡೆದು ಹೋಗಿ ಬರಲಿ, ದೂರವೇನಿಲ್ಲ. ೧೯೩೬ರ ಮೇ ೩೦, ೩೧ರಂದು ಮುಂಬಯಿ ಇಲಾಖೆಯ ಮಹಾರ ಪರಿಷತ್ತು ಸೇರಿದ್ದು ಅಲ್ಲಿ. ಅದರ ಹಿಂದಿನ ವರ್ಷ ಅಕ್ಟೋಬರ ೧೩ರಂದು ಯೇವಲೆಯಲ್ಲಿ ಡಾ. ಅಂಬೇಡ್ಕರರು ತಾನು ಹಿಂದುವಾಗಿ ಸಾಯುವುದಿಲ್ಲವೆಂದು ಸಾರಿದ್ದರು. ಏಕೆ ಮತ ಬಿಡಬೇಕು ಎಂಬುದನ್ನು ನಾಯಗಾಂವಿನಲ್ಲಿ ತನ್ನ ಜನಕ್ಕೆ ಬಿಡಿಸಿ ಹೇಳಿದರು. ಆಮೇಲೆ ಏನಾಯಿತು? ಮರುದಿನವೇ ಯಾವುದಾದರೂ ಮತಕ್ಕೆ ಸೇರಿದರೇ? ಇಲ್ಲ. ಮುಸಲ್ಮಾನರು, ಕ್ರೈಸ್ತರು, ಸಿಖ್ಖರು, ಎಲ್ಲರ ಕಡೆಯಿಂದಲೂ ಕರೆ ಬಂತು. ಅವರು ಓದಿದರು, ವಿಚಾರಿಸಿದರು, ತೂಗಿ ನೋಡಿದರು. ೧೯೫೬ರ ಅಕ್ಟೋಬರ ೧೪ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಡನೆ ಬೌದ್ಧರಾದರು. ಮಾತು ಆಡಿದಂದಿನಿಂದ ಮಾಡಿದಂದಿಗೆ ಇಪ್ಪತ್ತೊಂದು ವರ್ಷ. ಅದೇ ವರ್ಷ ಡಿಸೆಂಬರ ೬ರಂದು ತೀರಿಕೊಂಡರು, ಮರುದಿನ ದಾದರದ ಸಮುದ್ರದಂಡೆಯಲ್ಲಿ ದಹನವಾಯಿತು. ದಾದರದ ಹೋಟೇಲುಗಳಲ್ಲಿ ದುಡಿಯುವ ನಮ್ಮವರು ಪ್ರತಿ ಡಿಸೆಂಬರ ೬ಕ್ಕೆ ಆ ಜನಸಾಗರವನ್ನು ಕಣ್ಣಾರೆ ನೋಡುತ್ತಾರೆ. ತಲೆಯ ಮೇಲೆ ಗಂಟು, ಸೊಂಟದಲ್ಲಿ ಮಗು. ಇವರನ್ನು ಯಾರು ಏನು ಕೊಟ್ಟು ಕೊಂಡುಕೊಂಡರೆಂದು ಹೇಳುತ್ತೀರಿ?

ಅವರು ಬಿಟ್ಟುಹೋದದ್ದು ಏಕೆಂಬುದನ್ನು ಗಿರಣಿಯಲ್ಲಿ ದುಡಿದವರಿಗೆ ನಾವು ವಿವರಿಸಬೇಕಾಗಿಲ್ಲ. ೧೯೮೨ರ ಮುಷ್ಕರದ ಬಳಿಕ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಈಗಿನ ಹುಡುಗರು ಸಾಂಚೆಯನ್ನೇ ನೋಡಿಲ್ಲ, ಆದುದರಿಂದ ಅವರಿಗಾಗಿ ಹೇಳುತ್ತೇವೆ. ಹಳೆಯ ಮಗ್ಗದಲ್ಲಿ ನೂಲು ಮುಗಿದಾಗ ಲಾಳಿಗೆ ಹೊಸ ಕಂಡಿಕೆ ಹಾಕಿ, ನೂಲಿನ ತುದಿಯನ್ನು ಲಾಳಿಯ ತೂತಿನಿಂದ ಬಾಯಲ್ಲಿ ಹೀರಿ ಹೊರಗೆಳೆಯುತ್ತಿದ್ದರು. ಒಂದೇ ಲಾಳಿಗೆ ಇಬ್ಬರು ಮೂವರು ಬಾಯಿ ಹಚ್ಚಬೇಕಾದೀತು. ಮಹಾರನ ಎಂಜಲು ತಮ್ಮ ಬಾಯಿಗೆ ತಾಗುತ್ತದೆಂದು ಸವರ್ಣ ನೇಕಾರರು ಅವನನ್ನು ನೇಯ್ಗೆ ಖಾತೆಯೊಳಗೆ ಬಿಡುತ್ತಿರಲಿಲ್ಲ. ಗಿರಣಿಯಲ್ಲಿ ಕೂಲಿ ಹೆಚ್ಚಿದ್ದುದು ಆ ಖಾತೆಯಲ್ಲೇ ಎಂಬುದನ್ನು ಮರೆಯಬೇಡಿ. ೧೯೨೮ರ ದೊಡ್ಡ ಮುಷ್ಕರದ ಕಾಲದಲ್ಲಿ ಅಂಬೇಡ್ಕರರು ಈ ಬಾಗಿಲು ತೆರೆಯಬೇಕೆಂದು ಕೇಳಿದಾಗ, ಕಾರ್ಮಿಕರ ಮುಂದಾಳುಗಳೇ ಅದನ್ನು ಬೇಡಿಕೆಯ ಪಟ್ಟಿಗೆ ಸೇರಿಸಲು ಹಿಂದೆಮುಂದೆ ನೋಡಿದರು. ಕೆಂಪು ಬಾವುಟ ಹಿಡಿದ ಕೈಯಲ್ಲೂ ಮಡಿ ಇತ್ತು. ಹೋಟೇಲಿನವರಾದ ನಾವೇನು ಕಡಿಮೆ? ನಮ್ಮ ಜಿಲ್ಲೆಯಲ್ಲಿ ಜಾತಿ ಕೇಳಿ, ಜಗಲಿಯ ಹೊರಗೆ ನಿಲ್ಲಿಸಿ, ತೆಂಗಿನ ಗೆರಟೆಯಲ್ಲಿ ಚಹ ಹೊಯ್ದ ಕಾಲ ಇತ್ತು. ಸಂವಿಧಾನ ಬರೆದವರು ೧೫ನೆಯ ವಿಧಿಯಲ್ಲಿ ಅಂಗಡಿ, ಉಪಾಹಾರಗೃಹ, ಹೋಟೇಲು ಎಂದು ಹೆಸರು ಹಿಡಿದೇ ಬರೆಯಬೇಕಾಯಿತು. ಇಷ್ಟು ದೊಡ್ಡ ಗ್ರಂಥದಲ್ಲಿ ನಮ್ಮ ಕಸುಬಿನ ಹೆಸರು ಬಂದದ್ದು ಹೀಗೆ, ಹೆಮ್ಮೆಪಡುವಂತೆ ಅಲ್ಲ.

ಮತ ಬಿಟ್ಟವನಿಗೆ ಲಾಭವೇ ಲಾಭ ಎನ್ನುವವರು ಇನ್ನೊಂದು ಸಂಗತಿಯನ್ನೂ ತಿಳಿದಿರಬೇಕು. ೧೯೫೦ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸವಲತ್ತು ಹಿಂದುಗಳಿಗೆ. ೧೯೫೬ರಲ್ಲಿ ಸಿಖ್ಖರನ್ನೂ ೧೯೯೦ರಲ್ಲಿ ಬೌದ್ಧರನ್ನೂ ಸೇರಿಸಿದರು. ಕ್ರೈಸ್ತನೋ ಮುಸಲ್ಮಾನನೋ ಆದವನಿಗೆ ಆ ಸವಲತ್ತು ಹೋಗುತ್ತದೆ. ಹೊಸ ಇಗರ್ಜಿಗೆ ಹೋದಲ್ಲಿ ಜಾತಿ ಬಿಟ್ಟುಹೋಯಿತೋ ಎಂದರೆ ಅದೂ ಎಲ್ಲ ಕಡೆ ಇಲ್ಲ. ಅಂಥವನು ಹೋದನೆಂದರೆ ಅವನ ಲೆಕ್ಕ ಹಣದ ಲೆಕ್ಕವಾಗಿರಲಾರದು.

ಆದರೆ ಲೆಕ್ಕ ಯಾವಾಗಲೂ ಇಷ್ಟು ಶುದ್ಧವಾಗಿರುತ್ತದೆಂದು ನಾವು ವಾದಿಸುವುದಿಲ್ಲ. ಮಂಗಳೂರಿನ ಕಡೆಯ ನಮ್ಮವರಿಗೆ ಬಾಸೆಲ್ ಮಿಶನ್ ಗೊತ್ತೇ ಇದೆ. ೧೮೩೪ರಲ್ಲಿ ಬಂದ ಈ ಪಾದ್ರಿಗಳಿಂದ ಕನ್ನಡಕ್ಕೆ ಆದ ಉಪಕಾರ ಸಣ್ಣದಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ವನ್ನು ೧೮೪೩ರ ಜುಲೈ ೧ರಂದು ಹೊರಡಿಸಿದವರು ಮೋಗ್ಲಿಂಗರು. ೧೮೯೪ರಲ್ಲಿ ದೊಡ್ಡ ನಿಘಂಟನ್ನು ಕೊಟ್ಟವರು ಕಿಟೆಲರು. ನಾವು ಈ ಪತ್ರಿಕೆಯನ್ನು ಅಚ್ಚು ಹಾಕುವಾಗ ಅವರ ಋಣ ನಮ್ಮ ಮೇಲಿದೆ. ಇವರ ಮಾತಿಗೆ ಮತಾಂತರವಾದವರಲ್ಲಿ ೧೮೪೪ರ ಆನಂದರಾವ್ ಕೌಂಡಿನ್ಯರಂಥ ಬ್ರಾಹ್ಮಣರೂ ಇದ್ದರು. ಅವರಿಗೆ ಊಟಕ್ಕೆ ಕೊರತೆಯಿರಲಿಲ್ಲ, ಊರೆಲ್ಲ ಗದ್ದಲವೆದ್ದರೂ ಹಿಂದಕ್ಕೆ ಬರಲಿಲ್ಲ. ಅವರ ಹೆಂಡತಿ ಮಾತ್ರ ಹಿಂದೆ ಹೋಗಲಿಲ್ಲ; ಅವಳ ಪಾಡೇನಾಯಿತೆಂದು ಕೇಳುವವರು ಕಡಿಮೆ.

ಹೆಚ್ಚಿನವರು ಬಿಲ್ಲವರು, ಬಡವರು. ಮತ ಬದಲಿಸಿದ ಕೂಡಲೇ ಮನೆ ಹೋಯಿತು, ಗೇಣಿಯ ಗದ್ದೆ ಹೋಯಿತು, ಹೆಂಡದ ಕಸುಬನ್ನು ಮಿಶನ್ನೇ ಬಿಡಿಸಿತು. ಹಾಗಾಗಿ ಅವರಿಗೆ ಅನ್ನ ಹುಟ್ಟಿಸಲು ಮಗ್ಗಗಳನ್ನು ಹಾಕಿದರು, ೧೮೬೫ರಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮಂಗಳೂರು ಹಂಚು ಮುಂಬಯಿಗೂ ಬಂದು ಇಲ್ಲಿನ ಮಾಡುಗಳ ಮೇಲೆ ಕುಳಿತಿತು. ಬೀದಿಗೆ ಬಿದ್ದವನಿಗೆ ಕೆಲಸ ಕೊಟ್ಟದ್ದನ್ನು ತಪ್ಪೆನ್ನಲು ನಮಗೆ ಬಾಯಿ ಬಾರದು. ಆದರೆ ಕಾರ್ಮಿಕರ ಕಣ್ಣಿನಿಂದ ನೋಡಿದರೆ ಒಂದು ಪ್ರಶ್ನೆ ಉಳಿಯುತ್ತದೆ. ವಾರದ ಕೂಲಿ ಎಣಿಸುವವರೂ ಆದಿತ್ಯವಾರದ ಉಪದೇಶ ಮಾಡುವವರೂ ಒಂದೇ ಮನೆಯವರಾದರೆ, ಕೆಲಸಗಾರನು ಒಲ್ಲೆನೆನ್ನುವುದು ಹೇಗೆ? ಅವನ ನಂಬಿಕೆ ಎಷ್ಟು, ಅಂಜಿಕೆ ಎಷ್ಟು ಎಂಬುದನ್ನು ಅವನೇ ಹೇಳಲಾರ. ಒಳ್ಳೆಯ ಪಾದ್ರಿಗಳನ್ನೂ ಈ ಪ್ರಶ್ನೆ ಕಾಡಿರಬೇಕು.

ಅದೇ ಬಿಲ್ಲವರು ಇನ್ನೊಂದು ದಾರಿಯನ್ನೂ ಕಂಡುಕೊಂಡರು. ದೇವಸ್ಥಾನದ ಒಳಗೆ ಬಿಡದಿದ್ದರೆ ಬೇಡ, ನಮ್ಮದೇ ದೇವಸ್ಥಾನ ಕಟ್ಟುತ್ತೇವೆಂದು ಕೇರಳದಿಂದ ನಾರಾಯಣ ಗುರುಗಳನ್ನು ಕರೆಸಿದರು. ೧೯೧೨ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥನ ಪ್ರತಿಷ್ಠೆಯಾಯಿತು. ಮತಾಂತರವನ್ನು ನಿಲ್ಲಿಸಬೇಕೆನ್ನುವವರು ಈ ಕೆಲಸವನ್ನು ನೋಡಿ ಕಲಿಯಬೇಕು. ಹೋಗುವವನ ಕಾಲು ಮುರಿಯುವ ಬದಲು ಅವನು ಹೋಗುವ ಕಾರಣವನ್ನು ಮುರಿದರು. ಇದೇ ಗುರುಗಳು ೧೯೨೪ರಲ್ಲಿ ಆಲುವೆಯಲ್ಲಿ ಸರ್ವಮತ ಸಮ್ಮೇಳನ ಕರೆದಾಗ, ಇಲ್ಲಿ ಸೇರಿದ್ದು ವಾದ ಮಾಡಿ ಗೆಲ್ಲಲಿಕ್ಕಲ್ಲ, ತಿಳಿಯಲಿಕ್ಕೆ ಮತ್ತು ತಿಳಿಸಲಿಕ್ಕೆ ಎಂದು ಎಲ್ಲರಿಗೂ ಕಾಣುವಂತೆ ಬರೆಸಿ ಹಾಕಿದರು. ಉತ್ತರ ಕರ್ನಾಟಕದಿಂದ ಬಂದ ನಮ್ಮ ಗೆಳೆಯರಿಗೆ ಇದಕ್ಕಾಗಿ ಆಲುವೆಯವರೆಗೆ ಹೋಗಬೇಕಾಗಿಲ್ಲ. ಅವರಿಗೆ ಶಿಶುನಾಳದ ಶರೀಫ ಸಾಹೇಬರಿದ್ದಾರೆ. ೧೮೧೯ರಿಂದ ೧೮೮೯ರವರೆಗೆ ಬಾಳಿದ ಆ ಮುಸಲ್ಮಾನರಿಗೆ ಗುರುಗಳು ಗೋವಿಂದ ಭಟ್ಟರು. ಶಿಷ್ಯನು ಗುರುವಿನ ಮತಕ್ಕೆ ಬರಲಿಲ್ಲ, ಗುರುವು ಬಾ ಎನ್ನಲೂ ಇಲ್ಲ. ಈಗಲೂ ಆ ಗದ್ದುಗೆಗೆ ಎರಡೂ ಕಡೆಯವರು ತಲೆಬಾಗುತ್ತಾರೆ.

ಬಲಾತ್ಕಾರದ ಮತಾಂತರದ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ, ಅದು ಪಾಪವೆಂದು ಎಲ್ಲರೂ ಒಪ್ಪುತ್ತಾರೆ. ಗೋವೆಯಲ್ಲಿ ೧೫೬೦ರಿಂದ ೧೮೧೨ರವರೆಗೆ ಪೋರ್ತುಗೀಜರ ಇನ್‌ಕ್ವಿಸಿಷನ್ ನಡೆಯಿತು; ಅವರ ಆಳಿಕೆಯ ಕಿರುಕುಳ ತಾಳಲಾರದೆ ದೇವರ ಪೆಟ್ಟಿಗೆ ಹೊತ್ತು ತೆಂಕಣಕ್ಕೆ ಓಡಿಬಂದವರ ಮೊಮ್ಮಕ್ಕಳು ನಮ್ಮ ಹೋಟೇಲುಗಳಲ್ಲೇ ಇದ್ದಾರೆ. ೧೭೮೪ರಲ್ಲಿ ಟಿಪ್ಪುವು ಕರಾವಳಿಯ ಕೆಥೋಲಿಕರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದನು. ಬಹು ಜನ ದಾರಿಯಲ್ಲೂ ಸೆರೆಯಲ್ಲೂ ಸತ್ತರು, ಎಷ್ಟೋ ಜನರನ್ನು ಬಲಾತ್ಕಾರದಿಂದ ಮುಸಲ್ಮಾನರನ್ನಾಗಿ ಮಾಡಲಾಯಿತು. ಒಬ್ಬರು ಒಂದನ್ನೇ ನೆನೆಯುತ್ತಾರೆ, ಇನ್ನೊಬ್ಬರು ಇನ್ನೊಂದನ್ನೇ ನೆನೆಯುತ್ತಾರೆ. ನೆನೆಯುವುದಾದರೆ ಎರಡನ್ನೂ ನೆನೆಯಬೇಕು.

ಹಿಂದುಗಳು ಯಾರನ್ನೂ ಒತ್ತಾಯ ಮಾಡುವವರಲ್ಲ ಎನ್ನುವ ನಮ್ಮ ಧಣಿಗಳಿಗೆ ಒಂದು ಮಾತು. ಕೆಲವು ಹೋಟೇಲುಗಳಲ್ಲಿ ಗಣಪತಿಯ ವಂತಿಗೆಯನ್ನು ಕೇಳದೆಯೇ ಸಂಬಳದಿಂದ ಮುರಿದುಕೊಳ್ಳುವುದುಂಟು. ಬೆಳಗಿನ ಆರತಿಗೆ ನಿಲ್ಲದವನಿಗೆ ಮೋರಿಯ ಕೆಲಸ ಹಾಕುವುದುಂಟು. ಮುಸಲ್ಮಾನ ಹುಡುಗನನ್ನು ಹಿಂದೂ ಹೆಸರಿನಿಂದ ಕೂಗಿ ಗಿರಾಕಿಗಳಿಗೆ ತಿಳಿಯದಂತೆ ನೋಡಿಕೊಳ್ಳುವುದೂ ಉಂಟು. ಹೆಸರು ಬದಲಿಸಿ ಕೂಗುವುದು ಅರ್ಧ ಮತಾಂತರವಲ್ಲದೆ ಮತ್ತೇನು? ಕಾನೂನು ಹೇಳಿದ ಕಡಿತಗಳ ಹೊರತು ಧಣಿಯು ಸಂಬಳದಿಂದ ಚಿಕ್ಕಾಸನ್ನೂ ಮುರಿಯುವಂತಿಲ್ಲವೆಂಬುದು ೧೯೩೬ರ ವೇತನ ಪಾವತಿ ಕಾಯದೆಯ ಕಾಲದಿಂದಲೂ ಇರುವ ನಿಯಮ. ಮನಸ್ಸಿದ್ದು ಕೊಟ್ಟರೆ ವಂತಿಗೆ. ಮುರಿದುಕೊಂಡರೆ ಅದು ಕೂಲಿಯ ಕಳವು, ಯಾವ ದೇವರ ಹೆಸರು ಹೇಳಿದರೂ.

ಸರಕಾರದ ಕಾಯದೆ ಇದನ್ನೆಲ್ಲ ಸರಿಮಾಡುತ್ತದೆಂಬ ಭರವಸೆ ನಮಗಿಲ್ಲ. ಕರ್ನಾಟಕದಲ್ಲಿ ೨೦೨೨ರಲ್ಲಿ ತಂದ ಮತಾಂತರ ನಿಷೇಧದ ಕಾಯದೆಯನ್ನು ನೋಡಿ. ಮತ ಬದಲಿಸುವವನು ಮೂವತ್ತು ದಿನ ಮುಂಚಿತವಾಗಿ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಬರೆದುಕೊಡಬೇಕು, ಅದನ್ನು ಕಚೇರಿಯ ಫಲಕಕ್ಕೆ ಹಚ್ಚಿ ಯಾರದಾದರೂ ತಕರಾರುಂಟೇ ಎಂದು ಕೇಳಬೇಕು. ಹಳ್ಳಿಯ ಬಡವನೊಬ್ಬನ ಹೆಸರು ತಾಲೂಕು ಕಚೇರಿಯ ಫಲಕಕ್ಕೆ ಬಿದ್ದರೆ ಸಂಜೆಯೊಳಗೆ ಅವನ ಮನೆಯ ಮುಂದೆ ಯಾರು ಸೇರುತ್ತಾರೆಂಬುದು ನಮಗೆ ಗೊತ್ತಿಲ್ಲವೇ? ಸಾಮಾನ್ಯವಾಗಿ ಶಿಕ್ಷೆ ಮೂರರಿಂದ ಐದು ವರ್ಷ. ಮತಾಂತರ ಮಾಡಿಸಿಕೊಂಡವರು ಹೆಂಗಸೋ, ಪರಿಶಿಷ್ಟ ಜಾತಿಯವರೋ, ಅಪ್ರಾಪ್ತರೋ, ಬುದ್ಧಿ ಸ್ಥಿಮಿತವಿಲ್ಲದವರೋ ಆದರೆ ಹತ್ತು ವರ್ಷದವರೆಗೆ. ಬೆಳೆದ ಹೆಂಗಸನ್ನೂ ದಲಿತನನ್ನೂ ಮಕ್ಕಳ ಮತ್ತು ಹುಚ್ಚರ ಸಾಲಿನಲ್ಲಿ ಕೂರಿಸಿದ ಈ ಬುದ್ಧಿಗೆ ಏನೆನ್ನೋಣ! ಆಮಿಷದ ಪಟ್ಟಿಯಲ್ಲಿ ಉದ್ಯೋಗ, ಉಚಿತ ಶಿಕ್ಷಣ, ಒಳ್ಳೆಯ ಜೀವನದ ಮಾತು ಇವೆಲ್ಲ ಸೇರಿವೆ. ಆಮಿಷ ತಪ್ಪೆಂದು ನಾವೂ ಮೇಲೆ ಹೇಳಿದೆವು. ಆದರೆ ಅದೇ ಕಾಯದೆಯಲ್ಲಿ, ತನ್ನ ಹಿಂದಿನ ಮತಕ್ಕೆ ಮರಳಿದರೆ ಅದು ಮತಾಂತರವೇ ಅಲ್ಲವೆಂದು ಬರೆದಿದೆ. ಹಾಗಾದರೆ ಹಣ ಕೊಟ್ಟು, ಹೆದರಿಸಿ ಮರಳಿಸಿದರೆ ತಪ್ಪಿಲ್ಲವೇ? ಹೊರಗೆ ಹೋಗುವ ಬಾಗಿಲಿಗೆ ಪೋಲೀಸು, ಒಳಗೆ ಬರುವ ಬಾಗಿಲಿಗೆ ತೋರಣ. ಈ ಕಾಯದೆಯನ್ನು ರದ್ದುಮಾಡುವುದೆಂದು ೨೦೨೩ರ ಜೂನಿನಲ್ಲಿ ಹೊಸ ಸಚಿವಸಂಪುಟ ತೀರ್ಮಾನಿಸಿತು. ತೀರ್ಮಾನ ಮಾಡಿದ್ದನ್ನು ನಾವು ಸ್ವಾಗತಿಸುತ್ತೇವೆ.

ದೇವರುಗಳನ್ನು ಹೀಗಳೆದು ಕರಪತ್ರ ಹಂಚುವವರನ್ನು ನಾವು ಸಮರ್ಥಿಸುವುದಿಲ್ಲ. ಇನ್ನೊಬ್ಬನ ತಾಯಿಯನ್ನು ಬೈದು ನನ್ನ ತಾಯಿ ದೊಡ್ಡವಳೆಂದು ತೋರಿಸುವುದು ಭಕ್ತಿಯಲ್ಲ. ಆದರೆ ಕರಪತ್ರಕ್ಕೆ ಉತ್ತರ ಕರಪತ್ರ, ಕಲ್ಲಲ್ಲ. ೨೦೦೮ರ ಸಪ್ಟೆಂಬರ ೧೪ರಂದು ಮಂಗಳೂರಿನಲ್ಲಿ ಮತಾ‌ಂತರದ ನೆಪ ಹೇಳಿ ಪ್ರಾರ್ಥನಾ ಮಂದಿರಗಳ ಮೇಲೆ ನುಗ್ಗಿದರು. ಮಿಲಾಗ್ರಿಸ್ಸಿನ ಬಳಿ ಯಾರನ್ನೂ ಮತಾಂತರಿಸದೆ ಮೌನವಾಗಿ ಪ್ರಾರ್ಥಿಸುವ ಸನ್ಯಾಸಿನಿಯರ ಮಠವನ್ನೂ ಬಿಡಲಿಲ್ಲ. ಕಲ್ಲೆಸೆಯುವವನಿಗೆ ಇಂಥವನು, ಅಂಥವನು ಎಂಬ ವಿವೇಕ ಇರುವುದಿಲ್ಲ. ಮುಂಬಯಿಯವರಾದ ನಮಗೆ ಇದನ್ನು ೧೯೯೨ರ ಡಿಸೆಂಬರ, ೧೯೯೩ರ ಜನವರಿಗಳು ಕಲಿಸಿವೆ. ಒಂಭೈನೂರು ಜನ ಸತ್ತರು. ನ್ಯಾಯಮೂರ್ತಿ ಶ್ರೀಕೃಷ್ಣ ಆಯೋಗದ ವರದಿಯಲ್ಲಿ ಆಂಟಾಪ್ ಹಿಲ್ ಠಾಣೆಗೆ ಒಂದು ಅಧ್ಯಾಯವೇ ಉಂಟು. ಅದರಲ್ಲಿ ಇನ್ನೊಂದು ಪುಟ ಸೇರುವುದು ನಮಗೆ ಬೇಡ.

ಖೋಲಿಯ ದೂರಿನ ಬಗ್ಗೆ ಕಾರ್ಯಕಾರಿ ಸಮಿತಿಯ ನಿರ್ಣಯ ಹೀಗಿದೆ. ಬಾಡಿಗೆಯ ಪಾಲು ಕೊಡುವ ತನಕ ಅವನ ಚಾಪೆ ಅಲ್ಲಿಯೇ ಇರತಕ್ಕದ್ದು, ಹಂಡೆಯ ನೀರು ಒಂಭತ್ತು ಮಂದಿಯದು. ಅವನೂ ಖೋಲಿಯೊಳಗೆ ನಿದ್ದೆಯ ಹೊತ್ತಿನಲ್ಲಿ ಯಾರಿಗೂ ಉಪದೇಶ ಮಾಡತಕ್ಕದ್ದಲ್ಲ. ಹದಿನಾಲ್ಕು ತಾಸು ನಿಂತು ದುಡಿದು ಬಂದವನಿಗೆ ದೇವರಿಗಿಂತ ಮೊದಲು ನಿದ್ದೆ ಬೇಕು. ಕೇಳಿದವನಿಗೆ ಹೊರಗೆ ಕಟ್ಟೆಯ ಮೇಲೆ ಕುಳಿತು ಹೇಳಲಿ. ಗೋಡೆಯ ಮೇಲಿನ ಕೃಷ್ಣನ ಪಟ ಇದ್ದಲ್ಲೇ ಇರಲಿ, ಅವನ ಪೆಟ್ಟಿಗೆಯ ಮುಚ್ಚಳದೊಳಗಿನ ಶಿಲುಬೆಯೂ ಇರಲಿ. ಈ ನಿರ್ಣಯವನ್ನು ಒಪ್ಪುವುದಿಲ್ಲವೆಂದು ಇಬ್ಬರು ಸದಸ್ಯರು ವಂತಿಗೆ ನಿಲ್ಲಿಸಿದ್ದಾರೆ. ಅವರ ಹೆಸರು ಪಟ್ಟಿಯಲ್ಲಿ ಹಾಗೆಯೇ ಇದೆ, ಅವರ ಕೂಲಿಯ ತಗಾದೆಯನ್ನೂ ಸಂಘವು ಮೊದಲಿನಂತೆಯೇ ನಡೆಸುತ್ತದೆ.

ಇನ್ನು ಕಾಯಿಲೆಯ ನೆರವಿನ ಅರ್ಜಿಯಲ್ಲಿ ಜಾತಿ, ಮತದ ಅಂಕಣವಿತ್ತು. ಅದನ್ನು ತೆಗೆದು ಹೊಸ ಅರ್ಜಿ ಅಚ್ಚುಹಾಕಿಸಿದ್ದೇವೆ. ನೆರವು ಕೊಡಲು ಆಸ್ಪತ್ರೆಗೆ ಹೋಗುವ ನಮ್ಮ ಕಾರ್ಯಕರ್ತರು ಅಲ್ಲಿ ಯಾವ ದೇವರ ಮಾತನ್ನೂ ಎತ್ತುವಂತಿಲ್ಲ, ಪ್ರಸಾದವನ್ನೂ ಕೇಳದೆ ಕೊಡುವಂತಿಲ್ಲ. ಶುಕ್ರವಾರದ ನಮಾಜು, ಆದಿತ್ಯವಾರದ ಪೂಜೆ, ಏಕಾದಶಿ, ಡಿಸೆಂಬರ ೬ ಇವಕ್ಕಾಗಿ ಪಾಳಿ ಬದಲಿಸಿಕೊಳ್ಳಬೇಕಾದವರ ಪಟ್ಟಿಯನ್ನು ಮಾಡುತ್ತಿದ್ದೇವೆ. ಒಬ್ಬನ ಹಬ್ಬಕ್ಕೆ ಇನ್ನೊಬ್ಬ ನಿಂತರೆ ಧಣಿಗೂ ತಕರಾರಿಲ್ಲವೆಂದು ಹಲವು ಹೋಟೇಲಿನವರು ಒಪ್ಪಿದ್ದಾರೆ. ಹೆಸರು ಬರೆಸುವವರು ಕೆಲಸ ಮುಗಿಸಿ ರಾತ್ರಿ ಹನ್ನೊಂದರ ಮೇಲೆ ಕಚೇರಿಗೆ ಬಂದರೆ ಸಾಕು, ದೀಪ ಉರಿಯುತ್ತಿರುತ್ತದೆ.